ಅಂಗಳದಲ್ಲೇ ಬಿಚ್ಚಿ ಕೂಡಿಸುವ ಜೀಪು

ಹಳೆಯ ಫೋರ್ ವೀಲ್ ಡ್ರೈವ್ ಜೀಪೊಂದು ನಲವತ್ತು ವರ್ಷ ಓಡಿದ ಮೇಲೂ ಮನೆಯಂಗಳದಲ್ಲಿ, ನಾಲ್ಕು ಪಾನಾ ಒಂದು ಸುತ್ತಿಗೆಯಲ್ಲಿ ರಿಪೇರಿಯಾಗುತ್ತದೆ. ಇದರ ಕಾರಣ ಹುಡುಕಿದರೆ 1940ಕ್ಕೆ ಹೋಗಬೇಕಾಗುತ್ತದೆ. ಆ ವರ್ಷ ಅಮೆರಿಕದ ಸೇನೆ ನಾಲ್ಕೂ ಚಕ್ರ ಎಳೆಯುವ ಹಗುರ ವಾಹನ ಬೇಕೆಂದು ಕಂಪನಿಗಳನ್ನು ಕೇಳಿತು. ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಆರ್ಡರು ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್‌ಗೆ. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಇವೆರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಹೊರತಂದಿದ್ದವು. ಫೋರ್ಡ್ ಜೀಪಿನ ಭಾಗ ವಿಲ್ಲೀಸ್ ಜೀಪಿಗೂ ಕೂರುವಂತೆ ಎಲ್ಲವೂ ಒಂದೇ ಅಳತೆಯವು. ರಣರಂಗದಲ್ಲಿ ಕೆಟ್ಟ ಗಾಡಿಯನ್ನು ಸರಿಪಡಿಸಬೇಕಾದವನು ಕೆಲವೇ ತಿಂಗಳ ತರಬೇತಿ ಪಡೆದ ಸೈನಿಕ. ಅವನ ಕೈಗೆ ಎಟುಕುವಂತೆ ಬೋಲ್ಟು, ಅವನ ಕಣ್ಣಿಗೆ ಕಾಣುವಂತೆ ಎಂಜಿನ್ನು. ಇಂದು ರಜಾ ದಿನಗಳಲ್ಲಿ ಜೀಪಿನ ಕೆಳಗೆ ಮಲಗುವ ಹವ್ಯಾಸಿಗೆ ಸಿಗುತ್ತಿರುವುದು ಆ ಸೈನಿಕನಿಗಾಗಿ ಮಾಡಿದ ಅನುಕೂಲವೇ.

ಭಾರತದಲ್ಲಿ ಈ ವಿನ್ಯಾಸ ಇಷ್ಟು ದೀರ್ಘಕಾಲ ಬಾಳಿದ್ದು ಮಹೀಂದ್ರದಿಂದ. 1945ರಲ್ಲಿ ಲುಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ಕಂಪನಿ, 1940ರ ದಶಕ ಮುಗಿಯುವ ಮೊದಲೇ ಮುಂಬೈನ ಮಝಗಾಂವ್‌ನಲ್ಲಿ ವಿಲ್ಲೀಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಜೀಪಿನದ್ದೇ ಎಂಬುದನ್ನು ಇಲ್ಲಿ ನೆನೆಯಬಹುದು. 1948ರಲ್ಲಿ ಸೇನೆಗೆಂದು ಬ್ರಿಟನ್ನಿನ ಮೂಲಕ ರಿಪೇರಿ ಮಾಡಿದ ಹಳೆ ಜೀಪುಗಳನ್ನು ತರಿಸಲು ಒಪ್ಪಂದವಾಯಿತು. ಬಂದಿಳಿದ 155 ಗಾಡಿಗಳು ಬಳಕೆಗೆ ಯೋಗ್ಯವಾಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬಾರದೆಂಬ ಪಾಠವನ್ನು ದೇಶ ಹೀಗೆ ದುಬಾರಿ ಬೆಲೆ ತೆತ್ತು ಕಲಿಯಿತು.

1953ರಲ್ಲಿ ವಿಲ್ಲೀಸ್ ಕಂಪನಿ ಎತ್ತರದ ಹೊಸ ಎಂಜಿನ್ನನ್ನು ಅದೇ ಚಾಸಿಗೆ ಕೂರಿಸಲು ಬಾನೆಟ್ಟನ್ನೇ ಮೇಲೆತ್ತಿತು. ಅದೇ ಸಿಜೆ-3ಬಿ. ನಮ್ಮ ಗ್ಯಾರೇಜುಗಳ ‘ಹೈ ಬಾನೆಟ್’, ‘ಲೋ ಬಾನೆಟ್’ ಎಂಬ ವಿಂಗಡಣೆ ಬಂದದ್ದು ಇಲ್ಲಿಂದ. ಅಮೆರಿಕದಲ್ಲಿ 1960ರ ದಶಕದಲ್ಲೇ ನಿಂತುಹೋದ ಈ ಮಾದರಿಯ ವಂಶ ಇಲ್ಲಿ ಮುಂದುವರಿಯಿತು. ಪೆಟ್ರೋಲ್ ಎಂಜಿನ್ನಿನ ಜಾಗಕ್ಕೆ ಟ್ರ್ಯಾಕ್ಟರ್ ಮೂಲದ ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನ್ ಬಂತು. ಆಮೇಲೆ ಎಂಎಂ 540ರಲ್ಲಿ ಪ್ಯೂಜೊ ಪರವಾನಗಿಯ 2.1 ಲೀಟರ್ ಡೀಸೆಲ್. ಬಾಡಿ ಉದ್ದವಾಯಿತು, ಹೆಸರು ಬದಲಾಯಿತು, ಎಂಜಿನ್ನು ಬದಲಾಯಿತು. ಗೇರ್‌ಬಾಕ್ಸಿನ ಹಿಂದಿನ ಟ್ರಾನ್ಸ್‌ಫರ್ ಕೇಸು, ಕಮಾನುಪಟ್ಟಿ, ಗಟ್ಟಿ ಆಕ್ಸಲ್ಲು ಮಾತ್ರ ಹೆಚ್ಚು ಬದಲಾಗಲಿಲ್ಲ. ಒಂದು ಗಾಡಿಯ ಸಾಮಾನು ಮುಂದಿನ ತಲೆಮಾರಿನ ಗಾಡಿಗೂ ಕೂರುವಂತಿದ್ದರೆ ಅಂಗಡಿಯವರು ಅದನ್ನು ದಾಸ್ತಾನು ಇಡುತ್ತಾರೆ, ಸಣ್ಣ ಕಾರ್ಖಾನೆಗಳು ಮಾಡುತ್ತಲೇ ಇರುತ್ತವೆ. ಹಳೆ ಗಾಡಿಯನ್ನು ಬದುಕಿಸುವುದು ಪ್ರೀತಿಗಿಂತ ಹೆಚ್ಚಾಗಿ ಈ ಸರಬರಾಜು.

ಈ ವಿಷಯದಲ್ಲಿ ಬೆಂಗಳೂರು ಅದೃಷ್ಟದ ಊರು. ಡೀಸೆಲ್ ಪಂಪು ಮತ್ತು ನಾಝಲ್ ಮಾಡುವ ಮೈಕೋ 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆಯಿತು. ಲೇತು ಮಾಡುವ ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾಯಿತು. ಪೀಣ್ಯದ ಸಾಲು ಸಾಲು ವರ್ಕ್‌ಶಾಪುಗಳು ನಂತರ ಬಂದವು. ಹಲಸೂರಿನಲ್ಲಿ ಸೇನೆಯ 515 ಬೇಸ್ ವರ್ಕ್‌ಶಾಪ್ ಇದೆ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದಲ್ಲಿ ಗುಜರಿ. ನಗರದ ಉತ್ತರಕ್ಕಿರುವ ದೇವನಹಳ್ಳಿಯಲ್ಲಿ ಶಾಫ್ಟು ಸವೆದರೆ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿಗೆ ಹೋಗಿ, ಲೇತಿನಲ್ಲಿ ತಿರುವಿಸಿಕೊಂಡು ಸಂಜೆಗೆ ವಾಪಸಾಗಬಹುದಿತ್ತು. ಈಗಲೂ ಆಗಬಹುದು, ಹೆಬ್ಬಾಳದ ಟ್ರಾಫಿಕ್ಕು ಬಿಟ್ಟುಕೊಟ್ಟರೆ.

ಬಯಲುಸೀಮೆಯ ಹಳ್ಳಿಗಳಿಗೆ ಜೀಪು ಮೊದಲು ಬಂದದ್ದು ಸರ್ಕಾರದ ಗಾಡಿಯಾಗಿ. 1952ರ ಸಮುದಾಯ ಅಭಿವೃದ್ಧಿ ಯೋಜನೆಯ ನಂತರ ‘ಬಿಡಿಒ ಜೀಪು’ ಎಂಬುದು ಹಳ್ಳಿಗರ ಮಾತಿನಲ್ಲಿ ಸೇರಿಹೋಯಿತು. ಇಲಾಖೆಗಳಿಗೆ ಬೇಡವಾದ ಜೀಪು ಹರಾಜಿಗೆ ಬರುತ್ತಿತ್ತು. ಸೇನೆಗೆ ಬೇಡವಾದದ್ದು ‘ಡಿಸ್ಪೋಸಲ್ ಗಾಡಿ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಜಬಲ್ಪುರದ ಕಾರ್ಖಾನೆಯಲ್ಲಿ ನಿಸಾನ್ ಪ್ಯಾಟ್ರೋಲ್ ಗಾಡಿಯ ಮಾದರಿಯಲ್ಲಿ ತಯಾರಾದ ಜೋಂಗಾ ಜನರ ಕೈಗೆ ಬಂದದ್ದು ಹೀಗೆಯೇ. 1985ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಮಾರುತಿ ಜಿಪ್ಸಿ ಈ ಸಾಲಿಗೆ ಸೇರಿದ ಕೊನೆಯ ದೊಡ್ಡ ಹೆಸರು. 970 ಸಿಸಿಯ ಪುಟ್ಟ ಎಂಜಿನ್ನಿನಲ್ಲಿ ಶುರುವಾಗಿ 1996ರಲ್ಲಿ 1300 ಸಿಸಿ ತಲುಪಿದ ಅದು ಮೂರು ದಶಕಕ್ಕೂ ಹೆಚ್ಚು ಕಾಲ ತಯಾರಾಯಿತು. ಹೀಗೆ ಬಂದ ಗಾಡಿಗಳನ್ನು ಕೊಂಡ ರೈತ, ದ್ರಾಕ್ಷಿ ಬುಟ್ಟಿಯನ್ನೂ ಜಲ್ಲಿಯನ್ನೂ ಜನರನ್ನೂ ಅದರಲ್ಲೇ ಹೇರಿದ. ಕಂಪನಿ ವರ್ಕ್‌ಶಾಪು ಹತ್ತಿರವಿಲ್ಲದ ಕಾಲದಲ್ಲಿ ರಿಪೇರಿಯನ್ನೂ ತಾನೇ ಕಲಿತ. 2008ರ ಮೇ 24ರಂದು ಬೆಂಗಳೂರಿನ ವಿಮಾನ ನಿಲ್ದಾಣ ದೇವನಹಳ್ಳಿಯ ಬಳಿ ತೆರೆದ ಮೇಲೆ ಅಲ್ಲಿನ ಜಮೀನಿನ ಬೆಲೆಯೂ ಬದುಕೂ ಬೇರೆಯಾದವು. ದುಡಿಯುವ ಜೀಪಿನ ಕೆಲಸವನ್ನು ಪಿಕಪ್ಪುಗಳು ಕಿತ್ತುಕೊಂಡವು. ನಂದಿಬೆಟ್ಟದ ಬುಡದ ದಾರಿಗಳಿಗೆ, ತೋಟದ ಮನೆಗೆ ವಾರಾಂತ್ಯದಲ್ಲಿ ಹೋಗುವವರ ಕೈಗೆ ಹಳೆ ಜೀಪು ಬಂತು. ರೈತನಿಗೆ ಅನಿವಾರ್ಯವಾಗಿದ್ದ ರಿಪೇರಿ ಇವರಿಗೆ ಹವ್ಯಾಸ.

ಈ ಭಾಗದಲ್ಲಿ ಹಳೆ ಜೀಪಿಗೆ ಮೊದಲ ಶತ್ರು ತುಕ್ಕಲ್ಲ. ಕರಾವಳಿ, ಮಲೆನಾಡಿಗೆ ಹೋಲಿಸಿದರೆ ಒಣ ಹವೆಯ ದೇವನಹಳ್ಳಿಯಲ್ಲಿ ಚಾಸಿ ಬೇಗ ತುಕ್ಕು ತಿಂದುಹೋಗುವುದಿಲ್ಲ. ಇಲ್ಲಿನ ತೊಂದರೆ ನೀರಿನದ್ದು ಮತ್ತು ಧೂಳಿನದ್ದು. ಆಳದ ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಸುಣ್ಣದಂಥ ಪದರ ಕೊಳವೆಗಳಲ್ಲೂ ಎಂಜಿನ್ ಬ್ಲಾಕಿನ ನೀರಿನ ದಾರಿಯಲ್ಲೂ ಕಟ್ಟುತ್ತದೆ. ಸಮತಟ್ಟು ರಸ್ತೆಯಲ್ಲಿ ಸರಿಯಾಗಿಯೇ ಇರುವ ಗಾಡಿ ನಂದಿಬೆಟ್ಟ ಏರುವಾಗ ಕುದಿಯುತ್ತದೆ. ಹೊಸ ವಾಟರ್ ಪಂಪು, ಹೊಸ ಥರ್ಮೋಸ್ಟಾಟ್ ಎಂದು ದುಡ್ಡು ಸುರಿಯುವ ಮೊದಲು ರೇಡಿಯೇಟರ್ ಕಳಚಿ, ಕೊಳವೆಗಳಲ್ಲಿ ಕಡ್ಡಿ ತೂರಿಸಿ ತೊಳೆಯುವ ರಾಡಿಂಗ್ ಮಾಡಿಸಿ, ಬ್ಲಾಕನ್ನು ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯುವುದು ಅಗ್ಗ. ನಂತರ ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿದ ಕೂಲೆಂಟ್ ಮಾತ್ರ ತುಂಬಬೇಕು. ಥರ್ಮೋಸ್ಟಾಟನ್ನು ಕಿತ್ತೆಸೆದು ‘ಈಗ ಬಿಸಿಯಾಗಲ್ಲ’ ಎನ್ನುವ ಮೆಕ್ಯಾನಿಕ್ಕರು ಇನ್ನೂ ಇದ್ದಾರೆ. ಅದು ರೋಗ ಮುಚ್ಚಿಡುವ ಉಪಾಯ. ಎಂಜಿನ್ನು ಸರಿಯಾದ ಶಾಖಕ್ಕೆ ಬಾರದೆ ಬೇಗ ಸವೆಯುತ್ತದೆ.

ಧೂಳಿಗೆ ಹಳೆಯ ಜೀಪುಗಳಲ್ಲಿದ್ದ ಉತ್ತರ ಆಯಿಲ್ ಬಾತ್ ಏರ್ ಕ್ಲೀನರ್. ಒಳಗೆ ಬಂದ ಗಾಳಿ ಬಟ್ಟಲಿನ ಎಣ್ಣೆಯ ಮೇಲೆ ಹಠಾತ್ತನೆ ತಿರುಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ. ಟಿಪ್ಪರುಗಳು ಓಡಾಡುವ ಮಣ್ಣುದಾರಿಯಲ್ಲಿ ಬಟ್ಟಲಿನ ತಳದಲ್ಲಿ ಕೆಂಪು ಕೆಸರು ಕೂರಲು ಬಹಳ ದಿನ ಬೇಕಿಲ್ಲ. ಬಟ್ಟಲು ಬಿಚ್ಚಿ, ಡೀಸೆಲ್ಲಿನಲ್ಲಿ ತೊಳೆದು, ಗುರುತಿನ ಗೆರೆಯವರೆಗಷ್ಟೇ ಎಣ್ಣೆ ಹಾಕಿದರೆ ಸಾಕು. ಗೆರೆ ಮೀರಿದರೆ ಎಂಜಿನ್ನು ಆ ಎಣ್ಣೆಯನ್ನೇ ಎಳೆದುಕೊಳ್ಳುತ್ತದೆ.

ಫೋರ್ ವೀಲ್ ಡ್ರೈವ್‌ನ ಹೃದಯ ಟ್ರಾನ್ಸ್‌ಫರ್ ಕೇಸು. ಹಳೆ ಜೀಪಿನಲ್ಲಿ ಇದಕ್ಕೆ ಎರಡು ಲಿವರ್. ಒಂದು ಮುಂದಿನ ಆಕ್ಸಲ್ಲಿಗೆ ಶಕ್ತಿ ಕೊಡುತ್ತದೆ. ಇನ್ನೊಂದು ‘ಲೋ’ಗೆ ಹಾಕಿದಾಗ ಎಳೆಯುವ ಬಲವನ್ನು ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆರೆಯಂಗಳದ ಕೆಸರಿನಲ್ಲಿ ಟೈರು ಸ್ವಲ್ಪ ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಟಾರು ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ, ಲಿವರ್ ಕಚ್ಚಿಕೊಳ್ಳುತ್ತದೆ, ಜೋರು ಮಾಡಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮುರಿಯುತ್ತದೆ. ಲಿವರನ್ನು ಒದೆಯಬಾರದು. ಸ್ಟೀರಿಂಗ್ ನೇರ ಹಿಡಿದು ನಾಲ್ಕು ಮಾರು ರಿವರ್ಸ್ ಹೋದರೆ ಅದು ತಾನಾಗಿ ಸಡಿಲವಾಗುತ್ತದೆ. ನಾಲ್ಕು ಟೈರಿನ ಸುತ್ತಳತೆ ಒಂದೇ ಇರಬೇಕೆನ್ನುವುದಕ್ಕೂ ಕಾರಣ ಇದೇ. ಮುಂದೆರಡು ಹೊಸದು, ಹಿಂದೆರಡು ಸವೆದದ್ದು ಇದ್ದರೆ ನೇರ ದಾರಿಯಲ್ಲೂ ಈ ಬಿಗಿತ ಬರುತ್ತದೆ.

ಹಳೆ ಮಹೀಂದ್ರಗಳಲ್ಲಿ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವಿನ ಸೀಲು ಸವೆದಾಗ ಒಂದರ ಆಯಿಲ್ ಇನ್ನೊಂದಕ್ಕೆ ಇಳಿಯುತ್ತದೆ. ನೆಲಕ್ಕೆ ಒಂದು ಹನಿ ಬೀಳದೆಯೇ ಗೇರ್‌ಬಾಕ್ಸ್ ಒಣಗಿರಬಹುದು. ಎರಡರ ಲೆವೆಲ್ ಪ್ಲಗ್ಗನ್ನೂ ಒಟ್ಟಿಗೆ ಬಿಚ್ಚಿ ನೋಡುವುದು ಅದಕ್ಕಾಗಿ. ಆಕ್ಸಲ್ ಹೌಸಿಂಗಿನ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದರ್ಥ. ಆಯಿಲ್ ಬದಲಿಸುವುದರ ಜೊತೆಗೆ ಹೌಸಿಂಗಿನ ಮೇಲಿನ ಬ್ರೀದರ್ (ಗಾಳಿಕಿಂಡಿ) ಮಣ್ಣು ಕಟ್ಟಿದೆಯೇ ಎಂದೂ ನೋಡಬೇಕು. ಬಿಸಿಯಾದ ಆಕ್ಸಲ್ ಹಳ್ಳದ ನೀರಿಗಿಳಿದು ತಣ್ಣಗಾಗುವಾಗ ಗಾಳಿ ಎಳೆಯುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಮೂಲಕ ನೀರನ್ನೇ ಎಳೆಯುತ್ತದೆ.

ಐವತ್ತು ಅರವತ್ತರ ವೇಗದಲ್ಲಿ ಸ್ಟೀರಿಂಗ್ ಗಡಗಡ ಅಲ್ಲಾಡುವುದು ಜಿಪ್ಸಿಯಿಂದ ಹಿಡಿದು ಎಂಎಂ 540ರವರೆಗೆ ಎಲ್ಲರ ದೂರು. ಮನೆಯಲ್ಲೇ ಇದನ್ನು ಪತ್ತೆ ಮಾಡಬಹುದು. ಮುಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ‘ಪ್ಲೇ’ ಕಂಡರೆ ಇನ್ನೊಬ್ಬರು ಬ್ರೇಕ್ ತುಳಿಯಬೇಕು. ಆಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್ ಸಡಿಲ. ಹಾಗೆಯೇ ಉಳಿದರೆ ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಇದನ್ನು ನೋಡದೆ ಸ್ಟೀರಿಂಗ್ ಬಾಕ್ಸ್ ಬದಲಿಸಿಕೊಂಡು ಬಂದವರ ಸಂಖ್ಯೆ ಸಣ್ಣದಲ್ಲ.

ಡೀಸೆಲ್ ಜೀಪು ಫಿಲ್ಟರ್ ಬದಲಿಸಿದ ಮೇಲೆ ಸ್ಟಾರ್ಟ್ ಆಗದಿದ್ದರೆ ‘ಏರ್ ತಗೊಂಡಿದೆ’ ಎನ್ನುತ್ತಾರೆ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕಾದು ಬಿಗಿ ಮಾಡಬೇಕು. ಆಮೇಲೆ ಪಂಪಿನ ಸ್ಕ್ರೂವಿನಲ್ಲೂ ಅದೇ ಕೆಲಸ. ಪೆಟ್ರೋಲ್ ಗಾಡಿಯವರ ಹೊಸ ಚಿಂತೆ ಶೇ 20 ಎಥೆನಾಲ್ ಬೆರೆತ ಇಂಧನ. ಹಳೆಯ ರಬ್ಬರ್ ಪೈಪು, ಕಾರ್ಬುರೇಟರಿನ ಗ್ಯಾಸ್ಕೆಟ್ಟುಗಳು ಎಥೆನಾಲಿಗೆಂದು ಮಾಡಿದವಲ್ಲ. ಪೈಪು ಉಬ್ಬಿದೆಯೇ, ಬಿರಿದಿದೆಯೇ ಎಂದು ನೋಡಿ ಬದಲಿಸುವುದು ಬೆಂಕಿಯ ಅಪಾಯ ತಪ್ಪಿಸುವ ಕೆಲಸವೂ ಹೌದು.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಡೀಸೆಲ್ ಪಂಪಿನ ಕ್ಯಾಲಿಬ್ರೇಷನ್, ಕ್ರೌನ್-ಪಿನಿಯನ್ ಹೊಂದಿಕೆ, ಚಾಸಿ ವೆಲ್ಡಿಂಗ್ ಇವಕ್ಕೆ ಯಂತ್ರವೂ ಅಳತೆಯೂ ಬೇಕು. ಈ ಭಾಗದಲ್ಲಿ ಸೈಜುಗಲ್ಲು ಯಥೇಚ್ಛವಾಗಿ ಸಿಗುವುದರಿಂದ ಅದನ್ನೇ ಪೇರಿಸಿ ಗಾಡಿ ನಿಲ್ಲಿಸುವ ರೂಢಿಯಿದೆ. ಅದು ತೀರ ಅಪಾಯಕಾರಿ. ಕಲ್ಲು ಸೀಳಬಹುದು, ಪೇರಿಸಿದ್ದು ಜಾರಬಹುದು. ಜಾಕಿ ಮಣ್ಣಿಗೆ ಇಳಿಯದಂತೆ ದಪ್ಪ ಹಲಗೆ, ಗಾಡಿಯ ಭಾರ ಹೊರಲು ಉಕ್ಕಿನ ಸ್ಟ್ಯಾಂಡು, ಚಕ್ರಕ್ಕೆ ಅಡ್ಡಗಟ್ಟೆ ಇಲ್ಲದೆ ಕೆಳಗೆ ನುಸುಳಬಾರದು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಡ್ರಮ್ಮಿನ ಪುಡಿಯನ್ನು ಬಾಯಲ್ಲಿ ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಕಾನೂನಿನ ಕಟ್ಟು ಈಚೆಗೆ ಬಿಗಿಯಾಗಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ಗುಜರಿಗೇ ಹೋಗಬೇಕು. ಹಳ್ಳಿಗೆ ಹಳೆ ಜೀಪು ಬರುತ್ತಿದ್ದ ದೊಡ್ಡ ಬಾಗಿಲೊಂದು ಇದರಿಂದ ಮುಚ್ಚಿತು. ಖಾಸಗಿ ಗಾಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ ಉಂಟು. ಜೀಪಿನಂಥ ಲಘು ವಾಹನಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಸೇನೆಯಿಂದ ಬಂದ ಗಾಡಿಯ ಆಲಿವ್ ಹಸಿರು ಬಣ್ಣ ಉಳಿಸಿಕೊಳ್ಳುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಗೇ ಮೀಸಲಿಟ್ಟಿದೆ. ಎಂಎಂ 540ರ ಚಾಸಿಯ ಮೇಲೆ ಲೋ ಬಾನೆಟ್ ಬಾಡಿ ಕೂರಿಸಿ ‘ವಿಲ್ಲೀಸ್’ ಎಂದು ಮಾರುವ ಗಾಡಿಗಳು ನೋಡಲು ಚಂದ. ಆದರೆ ತಯಾರಕರು ಕೊಟ್ಟ ರೂಪವನ್ನು ಬದಲಿಸಿದ ವಾಹನ ನೋಂದಣಿಗೆ ಅರ್ಹವಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಎಂಜಿನ್ ಬದಲಿಸಲೂ ಆರ್‌ಟಿಒ ಅನುಮತಿ ಬೇಕು.

ಕೆಎ-43 ದೇವನಹಳ್ಳಿ ನೋಂದಣಿಯ ಗಾಡಿಯಾಗಲಿ ಬೇರೆ ಊರಿನದ್ದಾಗಲಿ, ಮುಂಗಡ ಕೊಡುವ ಮೊದಲು ಚಾಸಿಯ ಮೇಲೆ ಕೊರೆದಿರುವ ನಂಬರನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಆರ್‌ಸಿಯೊಂದಿಗೆ ತಾಳೆ ನೋಡಿ. ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲು ಎಲ್ಲವನ್ನೂ ಅಂಗಳದಲ್ಲೇ ಸರಿಪಡಿಸಿಕೊಳ್ಳಬಹುದು. ತಾಳೆಯಾಗದ ಚಾಸಿ ನಂಬರನ್ನು ಯಾವ ಪಾನಾದಿಂದಲೂ ಸರಿಪಡಿಸಲಾಗದು.