ಸಾಸವಡದಲ್ಲಿ ಸರ್ಕಾರಿ ಹೈಸ್ಕೂಲ್ ಯಾವುದು?

ಮಗರಪಟ್ಟಾದಲ್ಲಿ ಕೆಲಸ, ದಿವೆ ಘಾಟ್ ಹತ್ತಿದರೆ ಸಾಸವಡದಲ್ಲಿ ಮನೆ ಅನ್ನೋರು ಕೇಳೋ ಪ್ರಶ್ನೆ ಇದು. ಮಗಳಿಗಾಗಿ ನಾನೂ ನಮ್ಮೂರಿನ ಥರ ‘ಸರ್ಕಾರಿ ಪ್ರೌಢಶಾಲೆ’ ಬೋರ್ಡನ್ನೇ ಹುಡುಕಿದ್ದೆ. ಇಲ್ಲಿ ವ್ಯವಸ್ಥೆ ಬೇರೆ.

ಜಿಲ್ಲಾ ಪರಿಷತ್ ಶಾಲೆ ಹೆಚ್ಚಾಗಿ 7ನೇ ತರಗತಿಗೇ ಮುಗಿಯುತ್ತೆ. ಮುಂದೆ ಊರಿನ ಮಕ್ಕಳು ಓದೋದು ಅನುದಾನಿತ ಶಾಲೆಗಳಲ್ಲಿ: ಆಡಳಿತ ಸಂಸ್ಥೆಯದು, ಮೇಷ್ಟ್ರ ಸಂಬಳ ಸರ್ಕಾರದ್ದು. ಇಲ್ಲಿನ ವಾಘಿರೆ ಹೈಸ್ಕೂಲ್ ನಡೆಸೋದು 1860ರಲ್ಲಿ ಶುರುವಾದ ಮಹಾರಾಷ್ಟ್ರ ಎಜುಕೇಶನ್ ಸೊಸೈಟಿ. ಹಾಗಾಗಿ ‘ಸಂಸ್ಥೆ’ ಅಂದ ಕೂಡಲೇ ಫೀಸಿಗೆ ಹೆದರಿ ವಾಪಸ್ ಬರಬೇಡಿ. ಸೀಟು ಅನುದಾನಿತ ವಿಭಾಗದ್ದಾ ಅಂತ ಮೊದಲು ಕೇಳಿ.

ಇನ್ನೊಂದು ಮಾತು. 2020ರ ಕಾನೂನಿನಂತೆ ಯಾವ ಬೋರ್ಡ್ ಆದರೂ 10ನೇ ತರಗತಿವರೆಗೆ ಮರಾಠಿ ಕಡ್ಡಾಯ. ನೇರವಾಗಿ ಎಂಟನೇ ಕ್ಲಾಸಿಗೆ ಸೇರಿದ ನನ್ನ ಮಗಳು ಆ ವರ್ಷ ತುಂಬಾ ಒದ್ದಾಡಿದಳು. ಲಿಪಿ ಹಿಂದಿಯದ್ದೇ, ವ್ಯಾಕರಣ ಬೇರೆ. ನಿಮ್ಮ ಮಕ್ಕಳಿಗೆ ಬೇಗನೇ ಶುರು ಮಾಡಿಸಿ.