ಕಾಲುವೆ ಎಷ್ಟು ಅಗಲವಿರಬೇಕು? ಜಡತ್ವದ ಪಾಠಕ್ಕೊಂದು ಹಡಗು

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೇ ತರಗತಿಗೆ ಜಡತ್ವದ ಪಾಠ ಮಾಡುತ್ತಿದ್ದೆ. ಬಸ್ಸಿನ ಬ್ರೇಕಿನ ಉದಾಹರಣೆ ಮುಗಿಸಿ ಹಡಗಿಗೆ ಬಂದೆ. ನವಮಂಗಳೂರು ಬಂದರಿನ ಪ್ರವೇಶ ಕಾಲುವೆ 245 ಮೀಟರ್ ಅಗಲ ಎಂದೆ. "ಹಡಗು 45 ಮೀಟರ್ ಅಗಲ ಅಂದ್ರಿ, ಮತ್ತೆ ಅಷ್ಟೊಂದು ಯಾಕೆ ಅಗೀಬೇಕು ಮಿಸ್?" ಎಂದು ಒಬ್ಬ ಹುಡುಗಿ ಕೇಳಿದಳು. "ಸುರಕ್ಷತೆಗೆ" ಎಂದು ಹೇಳಿ ಮುಂದೆ ಹೋದೆ. ಅದು ಉತ್ತರವಲ್ಲ ಎಂದು ಅವಳ ಮುಖವೇ ಹೇಳುತ್ತಿತ್ತು.

1974ರಲ್ಲಿ ದೇಶದ ಒಂಬತ್ತನೇ ಪ್ರಮುಖ ಬಂದರಾದ ಪಣಂಬೂರಿನ ಈ ಬಂದರು ದಡವನ್ನು ಅಗೆದು ಮಾಡಿದ್ದು. ಹಡಗು ಒಳಬರಲು ಸುಮಾರು 7.5 ಕಿ.ಮೀ. ಉದ್ದಕ್ಕೆ ಸಮುದ್ರದ ತಳವನ್ನೇ ತೋಡಿದ್ದಾರೆ. ಮೇಲಿನಿಂದ ನೋಡಿದರೆ ಬರೀ ನೀರು. ಮಳೆಗಾಲದಲ್ಲಿ ಹೂಳು ತುಂಬುತ್ತದೆ, ಮತ್ತೆ ಎತ್ತಬೇಕು. ಆದ್ದರಿಂದ ಅಗಲಿಸಿದ ಪ್ರತಿ ಮೀಟರಿಗೂ ಒಮ್ಮೆ ಅಗೆತದ ಖರ್ಚು, ಆಮೇಲೆ ವರ್ಷವರ್ಷವೂ ಹೂಳಿನ ಖರ್ಚು. ಕಡಿಮೆ ಅಗೆದರೆ ಹಡಗು ನೆಲ ಕಚ್ಚಬಹುದು.

ಹಡಗು ನಮ್ಮ 50 ಅಡಿ ರಸ್ತೆಯ ಆಟೋದಂತೆ ತಿರುಗುವುದಿಲ್ಲ. ಚುಕ್ಕಾಣಿ ತಿರುಗಿಸಿದರೂ ಸ್ವಲ್ಪ ಹೊತ್ತು ಹಳೆಯ ದಿಕ್ಕಿನಲ್ಲೇ ಸಾಗುತ್ತದೆ. ತಿರುಗಲು ತೊಡಗಿದ ಮೇಲೆ ತಾನಾಗಿ ನಿಲ್ಲದು, ಎದುರು ಚುಕ್ಕಾಣಿ ಹಿಡಿಯಬೇಕು. ಅಡ್ಡಗಾಳಿ ಬೀಸಿದರೆ ಏಡಿಯಂತೆ ಓರೆಯಾಗಿ ಸಾಗಬೇಕು. ಬಂದರು ಹತ್ತಿರವಾದಂತೆ ವೇಗ ಇಳಿಸಬೇಕು; ವೇಗ ಇಳಿದಷ್ಟೂ ಚುಕ್ಕಾಣಿಯ ಹಿಡಿತ ಸಡಿಲ, ಓರೆ ಹೆಚ್ಚು. 300 ಮೀಟರ್ ಉದ್ದ, 45 ಮೀಟರ್ ಅಗಲದ ಹಡಗು 10 ಡಿಗ್ರಿ ಓರೆಯಾದರೆ ಅದು ಆಕ್ರಮಿಸುವ ಅಗಲ ಸುಮಾರು 96 ಮೀಟರ್. ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಆದರೆ ಗಾಳಿ, ಅಲೆ, ಪ್ರವಾಹ, ಪೈಲಟನ ಕೈ ಎಲ್ಲ ಸೇರಿದಾಗ ಏನಾಗುತ್ತದೆಂದು ಸೂತ್ರ ಪೂರ್ತಿ ಹೇಳಲಾರದು. ಅದಕ್ಕೇ ಸಿಮ್ಯುಲೇಟರ್. ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ, 1916ರಲ್ಲಿ ಆರಂಭವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಇಂಥ ಸೌಲಭ್ಯವಿದೆ. ಇನ್ನೂ ಅಗೆಯದ ಕಾಲುವೆಯನ್ನು ಆಳ, ಪ್ರವಾಹ, ಅಲೆಗಳ ಸಮೇತ ಕಂಪ್ಯೂಟರಿಗೆ ಊಡಿಸುತ್ತಾರೆ. ಅನುಭವಿ ಪೈಲಟರು ಪರದೆಯ ಮುಂದೆ ನಿಂತು ಮತ್ತೆ ಮತ್ತೆ ಹಡಗು ನಡೆಸುತ್ತಾರೆ: ಗಾಳಿ ಹೆಚ್ಚಿಸಿ, ಟಗ್ ಕಡಿಮೆ ಮಾಡಿ, ಎಂಜಿನ್ ಕೆಡಿಸಿ. ಎಲ್ಲ ಓಟಗಳ ಜಾಡನ್ನು ಒಂದರ ಮೇಲೊಂದು ಇಟ್ಟರೆ, ಎಲ್ಲಿ ಜಾಡು ಅಂಚಿಗೆ ಒತ್ತುತ್ತದೋ ಅಲ್ಲಿ ಅಗಲಿಸಬೇಕು. ಯಾರೂ ಹಾಯದ ಕಡೆ ಅಗೆಯುವುದು ದಂಡ. ನನಗೆ ಇದೇ ಅದರ ದೊಡ್ಡ ಲಾಭವೆನಿಸಿತು.

ಸೂಕ್ಷ್ಮ ಬೋಧನೆಯಲ್ಲಿ ನಮ್ಮ ಸಹಪಾಠಿಗಳೇ ಮಕ್ಕಳಾಗಿ ಕೂರುತ್ತಾರಲ್ಲ, ಇದೂ ಅದೇ ಜಾತಿಯದು. ಮಿತಿಯೂ ಅದೇ: ಅವರಲ್ಲಿ ಒಬ್ಬರೂ ಆ ಹುಡುಗಿಯ ಪ್ರಶ್ನೆ ಕೇಳಿರಲಿಲ್ಲ. ತಳದ ಅಳತೆ ತಪ್ಪಾಗಿದ್ದರೆ ಸಿಮ್ಯುಲೇಟರಿನ ಹಡಗೂ ಸುಳ್ಳು ನೀರಿನಲ್ಲೇ ತೇಲುತ್ತದೆ.

ಮುಂದಿನ ಪಾಠಕ್ಕೆ ರಟ್ಟಿನ ಹಡಗು ಒಯ್ದೆ. 1 ಸೆಂ.ಮೀ.ಗೆ 10 ಮೀಟರ್ ಪ್ರಮಾಣದಲ್ಲಿ 30 ಸೆಂ.ಮೀ. ಉದ್ದ, 4.5 ಸೆಂ.ಮೀ. ಅಗಲ. ಚಾರ್ಟಿನ ಮೇಲೆ 24.5 ಸೆಂ.ಮೀ. ಅಂತರದ ಎರಡು ಗೆರೆಗಳೇ ಕಾಲುವೆ. ಮಕ್ಕಳು ಕೋನಮಾಪಕ ಇಟ್ಟು ತಿರುಗಿಸಿ ಅಳೆದರು. 10 ಡಿಗ್ರಿಗೆ 9.6 ಸೆಂ.ಮೀ. ಬಂತು. ಸುಮಾರು 45 ಡಿಗ್ರಿಗೆ ಹಡಗು ಎರಡೂ ಗೆರೆಗಳಿಗೆ ತಾಗಿತು. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ 400 ಮೀಟರ್ ಉದ್ದದ 'ಎವರ್ ಗಿವನ್' ಹಡಗಿನ ಚಿತ್ರವನ್ನು ಆಗ ತೋರಿಸಿದೆ. ಚಟುವಟಿಕೆಗೆ ಇಪ್ಪತ್ತು ನಿಮಿಷ ಬೇಕು. ಪಾಠಯೋಜನೆಯಲ್ಲಿ ನಾನು ಹತ್ತು ಬರೆದಿದ್ದೆ.