ಭಾಗಿಸು ಎಂದರೆ ಗುಣಿಸುವ ಕಂಪೈಲರ್

ಸಿ ಭಾಷೆಯಲ್ಲಿ 32 ಬಿಟ್‌ಗಳ ಅನ್‌ಸೈನ್ಡ್ (ಋಣವಲ್ಲದ) ಪೂರ್ಣಾಂಕವೊಂದನ್ನು 10ರಿಂದ ಭಾಗಿಸಲು ಒಂದೇ ಸಾಲು ಸಾಕು. ಆದರೆ ಕಂಪೈಲ್ ಆದ ಮೇಲೆ ಬರುವ ಯಂತ್ರಸೂಚನೆಗಳನ್ನು ತೆರೆದು ನೋಡಿದರೆ ಅಲ್ಲಿ ಸಾಮಾನ್ಯವಾಗಿ ಭಾಗಾಕಾರವೇ ಇರುವುದಿಲ್ಲ. 3435973837 ಎಂಬ ವಿಚಿತ್ರ ಸಂಖ್ಯೆಯೊಂದರಿಂದ ಗುಣಾಕಾರ ನಡೆದಿರುತ್ತದೆ!

ಪ್ರೊಸೆಸರ್‌ಗೆ ಭಾಗಾಕಾರ ತ್ರಾಸದ ಕೆಲಸ. ಇಂಟೆಲ್‌ನ ಹಳೆಯ ಚಿಪ್‌ಗಳಲ್ಲಿ ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಕ್ಲಾಕ್ ಸೈಕಲ್ ಹಿಡಿಯುತ್ತಿತ್ತು. ಗುಣಾಕಾರ ಮೂರ್ನಾಲ್ಕರಲ್ಲೇ ಮುಗಿಯುತ್ತದೆ. ಆದ್ದರಿಂದ ಕಂಪೈಲರ್ ಭಾಗಿಸುವ ಬದಲು ಗುಣಿಸುತ್ತದೆ. 2ರ 35ನೇ ಘಾತವನ್ನು 10ರಿಂದ ಭಾಗಿಸಿದರೆ 3435973836.8 ಬರುತ್ತದೆ. ಅದರ ಮುಂದಿನ ಪೂರ್ಣಾಂಕವೇ ಆ ವಿಚಿತ್ರ ಸಂಖ್ಯೆ. ಅದರಿಂದ ಗುಣಿಸಿ, ಗುಣಲಬ್ಧದ ಕೊನೆಯ 35 ಬಿಟ್‌ಗಳನ್ನು ಕಳಚಿಹಾಕಿದರೆ ಉಳಿಯುವುದು ನಮಗೆ ಬೇಕಾದ ಭಾಗಲಬ್ಧ. 32 ಬಿಟ್‌ಗಳ ಯಾವ ಅನ್‌ಸೈನ್ಡ್ ಪೂರ್ಣಾಂಕ ಕೊಟ್ಟರೂ ಉತ್ತರ ತಪ್ಪದು. ಇಂಥ ಬದಲಾವಣೆಗೆ ಬೇಕಾದ ಗಣಿತವನ್ನು ಟಾರ್ಬ್ಯೋರ್ನ್ ಗ್ರಾನ್‌ಲುಂಡ್ ಮತ್ತು ಪೀಟರ್ ಮಾಂಟ್‌ಗೊಮರಿ 1994ರಲ್ಲಿ ವಿವರವಾಗಿ ಪ್ರಕಟಿಸಿದರು.

ಈ ಜಾಣತನಕ್ಕೆ ಮುಂಚೆ ಕಂಪೈಲರ್ ಒಂದಿಷ್ಟು ಓದಿನ ಕೆಲಸ ಮಾಡಿರುತ್ತದೆ. ಸಾಲುಸಾಲು ಅಕ್ಷರಗಳನ್ನು ಹೆಸರು, ಸಂಖ್ಯೆ, ಚಿಹ್ನೆ ಎಂದು ಬಿಡಿಸಿಕೊಳ್ಳುತ್ತದೆ. ಯಾವುದು ಯಾವುದಕ್ಕೆ ಸೇರಬೇಕು, ಕೂಡುವ ಮೊದಲು ಗುಣಿಸಬೇಕೇ ಎಂಬುದನ್ನೆಲ್ಲ ಮರದಂಥ ರಚನೆಯೊಂದರಲ್ಲಿ ಜೋಡಿಸುತ್ತದೆ. ಸೆಮಿಕೋಲನ್ ಬಿಟ್ಟಿದ್ದಕ್ಕೆ ಅದು ಗೊಣಗುವುದು ಇಲ್ಲೇ. ಹೆಚ್ಚಿನ ವಿದ್ಯಾರ್ಥಿಗಳಿಗೆ ಪರಿಚಯವಿರುವುದೂ ತಪ್ಪು ಹಿಡಿಯುವ ಈ ಮೇಷ್ಟ್ರು ಮಾತ್ರ.

ಕೊನೆಯಲ್ಲಿ ಜಾಗದ ತಾಪತ್ರಯ. ಪ್ರೋಗ್ರಾಂನಲ್ಲಿ ನೂರಾರು ವೇರಿಯಬಲ್‌ಗಳಿರಬಹುದು; 64 ಬಿಟ್‌ನ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಮೌಲ್ಯಗಳನ್ನು ಇಟ್ಟುಕೊಳ್ಳಲು ಬಹುಕಾಲ ಇದ್ದದ್ದು 16 ಸಾಮಾನ್ಯ ರಿಜಿಸ್ಟರ್‌ಗಳು. ಒಂದೇ ಸಮಯಕ್ಕೆ ಬೇಕಾಗುವ ಎರಡು ಮೌಲ್ಯಗಳು ಒಂದೇ ರಿಜಿಸ್ಟರ್‌ನಲ್ಲಿ ಕೂರುವಂತಿಲ್ಲ. ನಕ್ಷೆಯಲ್ಲಿ ಅಕ್ಕಪಕ್ಕದ ದೇಶಗಳಿಗೆ ಒಂದೇ ಬಣ್ಣ ಬರಕೂಡದು ಎಂಬ ಹಳೆಯ ಲೆಕ್ಕವೂ ಇದೇ ಜಾತಿಯದು. ಐಬಿಎಂನ ಗ್ರೆಗರಿ ಚೈಟಿನ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ಆ ಬಣ್ಣದ ಗಣಿತವನ್ನೇ ಕಂಪೈಲರ್‌ಗೆ ಅಳವಡಿಸಿದರು. ಜಾಗ ಸಿಗದ ಮೌಲ್ಯಗಳು ಮೆಮೊರಿಗೆ ಹೋಗುತ್ತವೆ.

1950ರ ದಶಕದಲ್ಲಿ ಇದನ್ನೆಲ್ಲ ಹೇಳಿದ್ದರೆ ಹೆಚ್ಚಿನವರು ನಂಬುತ್ತಿರಲಿಲ್ಲ. ನುರಿತ ಕೈ ಬರೆದ ಸೂಚನೆಗಳಿಗೆ ಯಂತ್ರ ಬರೆದದ್ದು ಸಾಟಿಯಲ್ಲ ಎಂಬುದು ಅಂದಿನ ಪ್ರೋಗ್ರಾಮರ್‌ಗಳ ಮಾತು. ಹಾಗಾಗಿ ಐಬಿಎಂನ ಜಾನ್ ಬ್ಯಾಕಸ್ ತಂಡಕ್ಕೆ ಕೇವಲ ಅನುವಾದ ಸಾಲುವಂತಿರಲಿಲ್ಲ, ವೇಗವೂ ಬೇಕಿತ್ತು. 1957ರಲ್ಲಿ ಐಬಿಎಂ 704 ಯಂತ್ರಕ್ಕೆ ಬಂದ ಅವರ ಫೋರ್ಟ್ರಾನ್ ಕಂಪೈಲರ್, ಕೈಬರಹಕ್ಕೆ ಹತ್ತಿರ ಹತ್ತಿರದ ವೇಗ ಸಾಧಿಸಿ ಅನುಮಾನಿಗಳ ಬಾಯಿ ಕಟ್ಟಿತು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪೈಲರ್ ವಿಷಯವನ್ನು ಪರೀಕ್ಷೆಗಷ್ಟೇ ಓದುವವರು ಬಹಳ. ಆದರೆ ಜಿಸಿಸಿ ಎಂಬ ಸಿ ಕಂಪೈಲರ್ ಉಚಿತವಾಗಿ ಸಿಗುತ್ತದೆ. ಅದಕ್ಕೆ '-S' (ಮೈನಸ್, ದೊಡ್ಡಕ್ಷರದ ಎಸ್) ಆಯ್ಕೆ ಕೊಟ್ಟರೆ ಯಂತ್ರಸೂಚನೆಗಳ ಅಸೆಂಬ್ಲಿ ರೂಪದ ಕಡತ ಸಿಗುತ್ತದೆ. ನಿಮ್ಮದೇ ಹತ್ತು ಸಾಲಿನ ಪ್ರೋಗ್ರಾಂ ಕೊಟ್ಟು, ಅದನ್ನೊಮ್ಮೆ ಓದಿ ನೋಡಿ.